ಮಡಿಕೇರಿಯಲ್ಲಿ ವರ್ಷವಿಡೀ ಹೊರಾಂಗಣ: ಮಳೆಯನ್ನು ನೋಡಿ ದಾರಿಯನ್ನು ಆರಿಸುವ ಕ್ರಮ

ಮಡಿಕೇರಿಗೆ ಬರುವವರಲ್ಲಿ ಹೆಚ್ಚಿನವರು ಮೊದಲು ರಜೆಯ ದಿನಗಳನ್ನು ಗೊತ್ತುಮಾಡಿಕೊಳ್ಳುತ್ತಾರೆ, ಆಮೇಲೆ ಆ ದಿನಗಳಲ್ಲಿ ಏನು ಮಾಡಬಹುದು ಎಂದು ವಿಚಾರಿಸುತ್ತಾರೆ. ಕಾರಿನಲ್ಲಿ ಕುಳಿತು ಊರು ನೋಡುವವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಆದರೆ ಬೆಟ್ಟ ಹತ್ತಬೇಕು, ಹೊಳೆಯಲ್ಲಿ ರಾಫ್ಟಿಂಗ್ ಮಾಡಬೇಕು, ಕಾಫಿ ಹೂವಿನ ನಡುವೆ ನಡೆಯಬೇಕು, ಹಕ್ಕಿ ನೋಡಬೇಕು ಎನ್ನುವವರು ಈ ಕ್ರಮವನ್ನು ತಿರುಗಿಸಿಕೊಳ್ಳುವುದು ಒಳ್ಳೆಯದು. ಮೊದಲು ಏನು ಮಾಡಬೇಕೆಂದು ನಿರ್ಧರಿಸಿ, ಅದಕ್ಕೆ ಮಳೆ ಮತ್ತು ತೋಟದ ಕೆಲಸ ಯಾವ ತಿಂಗಳಲ್ಲಿ ಅವಕಾಶ ಕೊಡುತ್ತವೆ ಎಂಬುದನ್ನು ನೋಡಿ, ಕೊನೆಗೆ ರಜೆ ಹಾಕಬೇಕು. ಇಲ್ಲಿ ವರ್ಷದ ಹನ್ನೆರಡು ತಿಂಗಳೂ ಹೊರಗೆ ಮಾಡಬಹುದಾದ ಏನಾದರೊಂದು ಇದ್ದೇ ಇರುತ್ತದೆ. ಆದರೆ ಎಲ್ಲವೂ ಎಲ್ಲ ತಿಂಗಳಲ್ಲೂ ಇರುವುದಿಲ್ಲ, ಮತ್ತು ತಪ್ಪು ತಿಂಗಳಲ್ಲಿ ಹಟ ಹಿಡಿದು ಹೋಗುವುದು ಈ ಬೆಟ್ಟಗಳಲ್ಲಿ ಪ್ರಾಣಕ್ಕೇ ಅಪಾಯ ತರಬಹುದು.

ಮಳೆ ಎಲ್ಲಿ ಎಷ್ಟು ಬೀಳುತ್ತದೆ

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ, ಪಶ್ಚಿಮ ಘಟ್ಟದ ಏಣಿನ ಮೇಲೆಯೇ ಕುಳಿತಿರುವ ಪಟ್ಟಣ. ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಇಲ್ಲಿ ಬೀಳುತ್ತದೆ ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಪಶ್ಚಿಮದ ಭಾಗಮಂಡಲ, ತಲಕಾವೇರಿಯ ಕಡೆ ಮಳೆ ಇದಕ್ಕಿಂತಲೂ ಬಹಳ ಜೋರು. ಪೂರ್ವಕ್ಕೆ ಕೇವಲ 30 ಕಿಲೋಮೀಟರ್ ದೂರದಲ್ಲಿರುವ ಕುಶಾಲನಗರಕ್ಕೆ ಇಳಿದರೆ ಮಡಿಕೇರಿಯ ಅರ್ಧದಷ್ಟು ಮಳೆಯೂ ಇರುವುದಿಲ್ಲ. ಒಂದೇ ದಿನ ಒಂದೇ ಹೊತ್ತಿನಲ್ಲಿ ಭಾಗಮಂಡಲದಲ್ಲಿ ಕೊಡೆ ನಿಲ್ಲದಷ್ಟು ಗಾಳಿಮಳೆ ಇದ್ದು, ಕುಶಾಲನಗರದ ರಸ್ತೆ ಒಣಗಿಯೇ ಇರುವುದು ಇಲ್ಲಿನವರಿಗೆ ಹೊಸದಲ್ಲ.

ಹೊರಾಂಗಣದ ಯೋಜನೆಗೆ ಈ ವ್ಯತ್ಯಾಸ ಎಲ್ಲಕ್ಕಿಂತ ಮುಖ್ಯವಾದದ್ದು. ಮಳೆ ಹಿಡಿದ ದಿನ ಕೊಠಡಿಯಲ್ಲೇ ಕುಳಿತುಕೊಳ್ಳುವುದಕ್ಕಿಂತ ಪೂರ್ವಕ್ಕೆ, ಹಾರಂಗಿ, ದುಬಾರೆ, ಕಾವೇರಿ ನಿಸರ್ಗಧಾಮದ ಕಡೆಗೆ ಇಳಿಯುವುದು ಮೇಲು. ಬೇಸಿಗೆಯ ಬಿಸಿಲಿನಲ್ಲಿ ಪೂರ್ವದ ಬಯಲು ಕಾದಿರುವಾಗ ಪಶ್ಚಿಮದ ಕಕ್ಕಬೆ, ಗಾಳಿಬೀಡು ಕಡೆಯ ತಂಪು ತೋಟಗಳು ಹಿತವಾಗಿರುತ್ತವೆ.

ಕೊಡಗು ಜಿಲ್ಲೆಗೆ ರೈಲು ಇಲ್ಲ. ಸುಮಾರು 120 ಕಿಲೋಮೀಟರ್ ದೂರದ ಮೈಸೂರಿನವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಕೆಎಸ್ಆರ್‌ಟಿಸಿ ಬಸ್ಸು ಹಿಡಿಯುವುದು ಸುಲಭದ ದಾರಿ. ವಿಮಾನದಲ್ಲಿ ಬರುವವರಿಗೆ ಮಂಗಳೂರಿನ ಜೊತೆಗೆ 2018ರ ಡಿಸೆಂಬರ್‌ನಲ್ಲಿ ಆರಂಭವಾದ ಕಣ್ಣೂರು ನಿಲ್ದಾಣವೂ ಅನುಕೂಲ, ವಿಶೇಷವಾಗಿ ವಿರಾಜಪೇಟೆಯ ಕಡೆ ಉಳಿಯುವುದಾದರೆ. ಮಡಿಕೇರಿಯಿಂದ ಹಳ್ಳಿಗಳಿಗೆ ಖಾಸಗಿ ಬಸ್ಸುಗಳಿವೆ, ಆದರೆ ಚಾರಣ ಆರಂಭವಾಗುವ ಜಾಗಗಳಿಂದ ಸಂಜೆಯ ಮೇಲೆ ಹಿಂದಿರುಗಲು ಬಸ್ಸು ಸಿಗುತ್ತದೆ ಎಂದು ನಂಬಿಕೊಂಡು ಹೊರಡಬಾರದು.

ಅಕ್ಟೋಬರ್‌ನಿಂದ ಜನವರಿ: ಬೆಟ್ಟ ಹತ್ತುವ ಕಾಲ

ಅಕ್ಟೋಬರ್ ಮಧ್ಯದಲ್ಲಿ ಬರುವ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ ಆದ ಮೇಲೆ ಮಳೆಗಾಲ ಮುಗಿಯಿತು ಎಂದು ಕೊಡಗಿನವರು ಲೆಕ್ಕ ಹಾಕುತ್ತಾರೆ. ಹಿಂಗಾರಿನ ಮಳೆ ನವೆಂಬರ್‌ನವರೆಗೂ ಮಧ್ಯಾಹ್ನದ ನಂತರ ಆಗಾಗ ಬರುವುದುಂಟು, ಹಾಗಾಗಿ ಈ ಎರಡು ತಿಂಗಳಲ್ಲಿ ಬೆಳಗ್ಗೆ ಬೇಗ ಹತ್ತಿ ಮಧ್ಯಾಹ್ನದ ಹೊತ್ತಿಗೆ ಇಳಿಯಲು ತೊಡಗಬೇಕು. ಹುಲ್ಲುಗಾವಲು ಇನ್ನೂ ಹಸಿರಾಗಿದ್ದು, ತೊರೆಗಳಲ್ಲಿ ನೀರಿದ್ದು, ಆಕಾಶ ತಿಳಿಯಾಗುವ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ವಾರಗಳು ಬೆಟ್ಟಕ್ಕೆ ಅತ್ಯುತ್ತಮ ಎಂಬುದು ನನ್ನ ಅಭಿಪ್ರಾಯ. ಜನವರಿಯಲ್ಲಿ ನೋಟ ಇನ್ನೂ ನಿಚ್ಚಳವಾಗಿರುತ್ತದೆ, ಆದರೆ ಹುಲ್ಲು ಒಣಗಲು ತೊಡಗಿರುತ್ತದೆ ಮತ್ತು ವಾರಾಂತ್ಯದ ಜನಸಂದಣಿ ಮಿತಿಮೀರಿರುತ್ತದೆ.

ಮೊದಲ ಬಾರಿಗೆ ಬರುವವರು ತಡಿಯಂಡಮೋಳ್‌ನಿಂದಲೇ ಆರಂಭಿಸಬೇಕು. ಇದು 1,748 ಮೀಟರ್ ಎತ್ತರದ, ಕೊಡಗಿನ ಅತಿ ಎತ್ತರದ ಶಿಖರ. ಹಾಗಿದ್ದರೂ ಸಾಮಾನ್ಯ ದೇಹದಾರ್ಢ್ಯ ಇರುವ ಯಾರಾದರೂ ಒಂದೇ ಹಗಲಿನಲ್ಲಿ ಹತ್ತಿ ಇಳಿಯಬಹುದು. ಮಡಿಕೇರಿಯಿಂದ ನಾಪೋಕ್ಲು ಮಾರ್ಗವಾಗಿ ಸುಮಾರು 35 ಕಿಲೋಮೀಟರ್ ದೂರದ ಕಕ್ಕಬೆಗೆ ಹೋಗಿ, ಅಲ್ಲಿಂದ ನಾಲ್ಕುನಾಡು ಅರಮನೆಯ ಬಳಿ ನಡಿಗೆ ಆರಂಭಿಸುವುದು ರೂಢಿ. ಅರಮನೆಯಿಂದ ಶಿಖರಕ್ಕೆ ಒಂದು ದಿಕ್ಕಿನಲ್ಲಿ ಸುಮಾರು 6ರಿಂದ 7 ಕಿಲೋಮೀಟರ್ ಆಗುತ್ತದೆ. ಮೊದಲ ಭಾಗ ತೋಟಗಳ ನಡುವಿನ ರಸ್ತೆ, ನಂತರದ್ದು ಕಾಡಿನ ಅಂಚಿನ ಕಾಲುದಾರಿ, ಆಮೇಲೆ ಬಯಲಾದ ಹುಲ್ಲಿನ ಏಣು. ಕೊನೆಯಲ್ಲಿ ಶೋಲಾ ಎಂಬ, ಗಿಡ್ಡ ಮರಗಳ ನಿತ್ಯಹಸಿರು ಕಾಡಿನೊಳಗೆ ಬೇರು ಹಿಡಿದು ಹತ್ತಬೇಕಾದ ಕಡಿದಾದ ಏರು ಬರುತ್ತದೆ. ಹಲವರು ಆ ಕೊನೆಯ ಏರಿನ ಬುಡದಲ್ಲಿ ದಣಿದು ನಿಲ್ಲುತ್ತಾರೆ. ಅದಕ್ಕೆ ಕಾರಣ ಆರಂಭದ ರಸ್ತೆಯಲ್ಲಿ ಅವಸರವಾಗಿ ನಡೆದದ್ದೇ ಹೊರತು ಏರಿನ ಕಷ್ಟವಲ್ಲ. ಕೆಳಗಿನ ತೊರೆಯನ್ನು ದಾಟಿದ ಮೇಲೆ ನೀರು ಸಿಗುವುದಿಲ್ಲ, ಆದ್ದರಿಂದ ಒಬ್ಬರಿಗೆ ಕನಿಷ್ಠ 2 ಲೀಟರ್ ನೀರು ಹೊತ್ತುಕೊಂಡೇ ಹತ್ತಬೇಕು. ಅರಣ್ಯ ಇಲಾಖೆಯ ತಪಾಸಣಾ ಕೇಂದ್ರದಲ್ಲಿ ಹೆಸರು ಬರೆಸಿ ಶುಲ್ಕ ಕೊಡಬೇಕು, ಅಲ್ಲಿ ಹೇಳಿದ ಸಮಯದೊಳಗೆ ಇಳಿದು ಬರಬೇಕು, ಮೇಲೆ ಡೇರೆ ಹಾಕಿ ರಾತ್ರಿ ಕಳೆಯುವಂತಿಲ್ಲ. ಇಳಿದ ನಂತರ ಅರಮನೆಯನ್ನು ನೋಡದೆ ಹೊರಡಬೇಡಿ. ದೊಡ್ಡವೀರರಾಜೇಂದ್ರ 1792ರಲ್ಲಿ ಕಾಡಿನ ಮರೆಯಲ್ಲಿ ಕಟ್ಟಿಸಿದ ಈ ಮರದ ಕೆತ್ತನೆಯ ಎರಡಂತಸ್ತಿನ ಮನೆಯಲ್ಲಿ, ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಬ್ರಿಟಿಷರಿಗೆ ಶರಣಾಗುವ ಮುನ್ನ ಆಶ್ರಯ ಪಡೆದಿದ್ದ.

ಕುಮಾರ ಪರ್ವತ ಅಥವಾ ಪುಷ್ಪಗಿರಿ 1,712 ಮೀಟರ್, ಎಂದರೆ ತಡಿಯಂಡಮೋಳ್‌ಗಿಂತ ತುಸು ತಗ್ಗು, ಆದರೆ ಹತ್ತುವುದಕ್ಕೆ ಅದಕ್ಕಿಂತ ಬಹಳ ಕಷ್ಟ. ದಕ್ಷಿಣ ಕನ್ನಡದ ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತುವವರು ಘಟ್ಟದ ಬುಡದಿಂದಲೇ ಆರಂಭಿಸುವುದರಿಂದ ಇಡೀ ಎತ್ತರವನ್ನು ಕಾಲಿನಲ್ಲೇ ಗೆಲ್ಲಬೇಕಾಗುತ್ತದೆ. ಸೋಮವಾರಪೇಟೆಯ ಕಡೆಯ ಬೀದಳ್ಳಿಯಿಂದ ಹತ್ತಿದರೆ ದೂರ ಸುಮಾರು ಅರ್ಧದಷ್ಟಾಗುತ್ತದೆ. ಮಡಿಕೇರಿಯಲ್ಲಿ ಉಳಿದುಕೊಂಡವರಿಗೆ ಬೀದಳ್ಳಿಯೇ ಸರಿಯಾದ ದಾರಿ. ಮೇಲಿನ ಬಂಡೆಗಳು ಬೆಳಗಿನ ಇಬ್ಬನಿಗೂ ಜಾರುತ್ತವೆ, ಆದ್ದರಿಂದ ಅಡಿ ಸವೆದ ಬೂಟುಗಳನ್ನು ಹಾಕಿಕೊಂಡು ಹೋಗಬೇಡಿ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಜನ ಒಮ್ಮೆಗೇ ಈ ಬೆಟ್ಟಕ್ಕೆ ನುಗ್ಗಿ, ಕಾಲುದಾರಿಯಲ್ಲಿ ಮುಂದೆ ಹೋಗಲೂ ಹಿಂದೆ ಬರಲೂ ಆಗದ ಸ್ಥಿತಿ ಉಂಟಾಯಿತು. ಅದಾದ ಮೇಲೆ ಸರ್ಕಾರ ಚಾರಣವನ್ನು ತಡೆದು, ಆನ್‌ಲೈನ್ ಬುಕಿಂಗ್ ವ್ಯವಸ್ಥೆಯನ್ನು ತಂದಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಹೆಸರು ಮತ್ತು ಗುರುತಿನ ಚೀಟಿಯ ವಿವರ ಕೊಟ್ಟು, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯೊಳಗೆ ಜಾಗ ಕಾಯ್ದಿರಿಸಬೇಕು. ಚಾರಣದ ಕಂಪನಿಯವರು ‘ಅಲ್ಲಿಗೆ ಹೋದ ಮೇಲೆ ನೋಡಿಕೊಳ್ಳೋಣ’ ಎಂದರೆ ಆ ಮಾತಿನ ಮೇಲೆ ಹಣ ಕಟ್ಟಬೇಡಿ. ನಿಮ್ಮ ಹೆಸರಿನ ಟಿಕೆಟನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಡಿ. ಈ ಮಿತಿ ಕೆಲವರಿಗೆ ಕಿರಿಕಿರಿ ಎನಿಸಬಹುದು, ಆದರೆ ಆ ಹುಲ್ಲುಗಾವಲು ಉಳಿಯಬೇಕಾದರೆ ಇದು ಬೇಕೇ ಬೇಕು ಎಂದು ನಾನು ಮನಸಾರೆ ನಂಬುತ್ತೇನೆ.

ದಕ್ಷಿಣ ಕೊಡಗಿನ ಬ್ರಹ್ಮಗಿರಿ 1,608 ಮೀಟರ್ ಎತ್ತರದ್ದು. ಇರ್ಪು ಜಲಪಾತದ ಬಳಿಯಿಂದ ಹೊರಡುವ ಈ ದಾರಿ ವನ್ಯಜೀವಿಧಾಮದ ಒಳಗೇ ಸಾಗುವುದರಿಂದ, ಶ್ರೀಮಂಗಲದ ವಲಯ ಅರಣ್ಯ ಕಚೇರಿಯ ಅನುಮತಿಯನ್ನು ಮೊದಲೇ ಪಡೆದು ಇಲಾಖೆಯ ಮಾರ್ಗದರ್ಶಿಯ ಜೊತೆಗೇ ಹೋಗಬೇಕು. ಆನೆ ಮತ್ತು ಹುಲಿ ಇರುವ ಕಾಡಿದು. ಏಣಿನ ಆಚೆ ಕೇರಳದ ವಯನಾಡು, ಮತ್ತು ಆ ಬದಿಯ ಅನುಮತಿಯೇ ಬೇರೆ. ಗದ್ದಲ ಬೇಡ ಎನ್ನುವವರಿಗೆ ಮಾದಾಪುರದ ಮೇಲಿನ ಕೋಟೆಬೆಟ್ಟ ಒಳ್ಳೆಯದು. ಅದರ ತುದಿಯಲ್ಲಿ ಶಿವನ ಗುಡಿಯಿದೆ, ಸುತ್ತಲಿನ ಊರಿನವರಿಗೆ ಅದು ಪೂಜೆಯ ಜಾಗ, ಹಾಗಾಗಿ ಅಲ್ಲಿ ಪಾದರಕ್ಷೆ ಬಿಟ್ಟು, ಜೋರಾಗಿ ಹಾಡು ಹಾಕದೆ, ಕುಡಿಯದೆ ಇರಬೇಕು.

ಮಾಂದಲ್‌ಪಟ್ಟಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಲ್ಲಿನ ಕಡಿದಾದ ಕಚ್ಚಾ ದಾರಿಗೆ ಸಾಮಾನ್ಯ ಕಾರು ಒಗ್ಗುವುದಿಲ್ಲ, ಫೋರ್ ವ್ಹೀಲ್ ಡ್ರೈವ್ ಜೀಪುಗಳೇ ಹೋಗುತ್ತವೆ. ಬಾಡಿಗೆಯನ್ನೂ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನೂ ಹತ್ತುವ ಮುನ್ನವೇ ಮಾತಾಡಿಕೊಳ್ಳಬೇಕು. ನಡೆಯಲು ಕಷ್ಟವಿರುವ ಹಿರಿಯರಿಗೆ ಹುಲ್ಲಿನ ಬೆಟ್ಟಗಳನ್ನು ತೋರಿಸಲು ಇದು ಸರಿಯಾದ ಜಾಗ. ಕಾಲಲ್ಲಿ ಬಲವಿರುವವರು ಆ ಸಮಯವನ್ನು ತಡಿಯಂಡಮೋಳ್‌ಗೆ ಕೊಡುವುದೇ ಲೇಸು.

ಈ ಋತುವಿನಲ್ಲಿ ಸೈಕಲ್ ತುಳಿಯುವವರಿಗೂ ಮಡಿಕೇರಿ ಚೆನ್ನ. ಮಡಿಕೇರಿಯಿಂದ ಭಾಗಮಂಡಲಕ್ಕೆ, ಅಲ್ಲಿಂದ 8 ಕಿಲೋಮೀಟರ್ ಏರಿ 1,276 ಮೀಟರ್ ಎತ್ತರದ ತಲಕಾವೇರಿಗೆ ಹೋಗುವ ದಾರಿಯನ್ನು ಒಂದು ದಿನದ ಸವಾರಿಯಾಗಿ ಇಟ್ಟುಕೊಳ್ಳಬಹುದು. ರಸ್ತೆ ಕಿರಿದು, ತಿರುವುಗಳು ಕುರುಡು, ಬೆಳಗಿನ ಮಂಜು ದಟ್ಟ. ಹಾಗಾಗಿ ಹಿಂದೆ ಮುಂದೆ ಎರಡೂ ಕಡೆ ದೀಪ ಹಚ್ಚಿಕೊಂಡು, ಮಂಜು ಕರಗಿದ ಮೇಲೆಯೇ ಹೊರಡಬೇಕು.

ಫೆಬ್ರುವರಿಯಿಂದ ಮೇ: ಕಾಫಿ ಹೂವು, ಕಾಳ್ಗಿಚ್ಚು, ಹೊಳೆಯ ದಂಡೆ

ಫೆಬ್ರುವರಿ ಬಂತೆಂದರೆ ಹುಲ್ಲುಗಾವಲು ಸಂಪೂರ್ಣ ಒಣಗಿ, ಒಂದು ಬೀಡಿಯ ಕಿಡಿಗೆ ಇಡೀ ಬೆಟ್ಟ ಉರಿಯುವ ಸ್ಥಿತಿಗೆ ಬರುತ್ತದೆ. ಕಾಳ್ಗಿಚ್ಚಿನ ಈ ತಿಂಗಳುಗಳಲ್ಲಿ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುವುದು ವಾಡಿಕೆ. ಮುಚ್ಚಿದ ದಾರಿಗೆ ಅಡ್ಡದಾರಿ ತೋರಿಸುವವರು ಸಿಗುತ್ತಾರೆ, ಅವರ ಜೊತೆ ಹೋಗಬೇಡಿ. ಬೆಂಕಿ ಬಿದ್ದಾಗ ಅದನ್ನು ಆರಿಸಲು ಹಸಿರು ಸೊಪ್ಪು ಹಿಡಿದು ಓಡುವವರು ದಿನಗೂಲಿಯ ಅರಣ್ಯ ಸಿಬ್ಬಂದಿ ಎಂಬುದನ್ನು ನೆನಪಿಡಬೇಕು. ಒಣ ಹುಲ್ಲಿನಲ್ಲಿ ಉಣ್ಣೆಗಳೂ ಹೆಚ್ಚಿರುವುದರಿಂದ, ಎಲ್ಲಿ ನಡೆದರೂ ಸಂಜೆ ಮೈಯನ್ನೂ ಬಟ್ಟೆಯ ಮಡಿಕೆಗಳನ್ನೂ ಪರೀಕ್ಷಿಸಿಕೊಳ್ಳುವುದು ಅಗತ್ಯ.

ಬೆಟ್ಟ ಮುಚ್ಚಿದ ಹೊತ್ತಿಗೆ ಸರಿಯಾಗಿ ತೋಟ ತೆರೆದುಕೊಳ್ಳುತ್ತದೆ. ನವೆಂಬರ್‌ನಲ್ಲಿ ಅರೇಬಿಕಾ ಜಾತಿಯ ಗಿಡಗಳಿಂದ ಆರಂಭವಾದ ಕಾಫಿ ಕೊಯ್ಲು ರೊಬಸ್ಟಾ ಜಾತಿಯೊಂದಿಗೆ ಈ ತಿಂಗಳುಗಳಲ್ಲಿ ಮುಗಿಯುತ್ತಾ ಬಂದಿರುತ್ತದೆ, ಕಣಗಳಲ್ಲಿ ಹಣ್ಣು ಒಣಗುತ್ತಿರುತ್ತದೆ, ಸಿಲ್ವರ್ ಓಕ್ ಮರಗಳಿಗೆ ಏಣಿ ಆನಿಸಿ ಕರಿಮೆಣಸು ಕೊಯ್ಯುತ್ತಿರುತ್ತಾರೆ. ಆಮೇಲೆ ಎಲ್ಲರೂ ಹೂಮಳೆಗಾಗಿ ಕಾಯುತ್ತಾರೆ. ಇಲ್ಲಿನ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲೇ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಅಳೆಯುತ್ತಾರೆ. ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ಯಾವಾಗಲಾದರೂ ಒಂದು ಇಂಚಿನಷ್ಟು ಹದವಾದ ಮಳೆ ಬಿದ್ದರೆ, ಸುಮಾರು 8ರಿಂದ 10 ದಿನಗಳಲ್ಲಿ ಇಡೀ ತೋಟ ಒಮ್ಮೆಗೇ ಬಿಳಿಯಾಗಿ ಅರಳಿ, ಮಲ್ಲಿಗೆಯನ್ನು ಹೋಲುವ ಕಂಪು ರಸ್ತೆಯವರೆಗೂ ಹರಡುತ್ತದೆ. ಹೂವು ನಿಲ್ಲುವುದು ಮೂರು ನಾಲ್ಕು ದಿನ ಮಾತ್ರ. ಆದ್ದರಿಂದ ಕಾಫಿ ಹೂವನ್ನು ನೋಡಲೆಂದೇ ಬರುವವರು ಎರಡು ತಿಂಗಳ ಮುಂಚೆ ದಿನ ನಿಗದಿ ಮಾಡಬಾರದು. ಪರಿಚಯದ ಹೋಂಸ್ಟೇಯವರಿಗೆ ಹೇಳಿಟ್ಟು, ‘ಮಳೆ ಬಿತ್ತು’ ಎಂಬ ಫೋನು ಬಂದ ಮೇಲೆ ಒಂದು ವಾರದೊಳಗೆ ಹೊರಡುವ ಸಿದ್ಧತೆ ಇಟ್ಟುಕೊಳ್ಳಬೇಕು. ಸ್ಪ್ರಿಂಕ್ಲರ್‌ನಿಂದ ನೀರು ಹಾಯಿಸುವ ರೊಬಸ್ಟಾ ತೋಟಗಳಲ್ಲಿ ಹೂವು ಯಾವಾಗ ಎಂಬುದನ್ನು ಯಜಮಾನರೇ ಹೆಚ್ಚು ಖಚಿತವಾಗಿ ಹೇಳಬಲ್ಲರು. ತೋಟ ಎಷ್ಟೇ ತೆರೆದಂತೆ ಕಂಡರೂ ಅದು ಒಬ್ಬರ ಸ್ವಂತ ಜಮೀನು. ಗೇಟಿನ ಬಳಿ ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನೋ ಮನೆಯವರನ್ನೋ ಕೇಳಿ ಒಳಗೆ ಹೋಗಬೇಕು, ಗಿಡಗಳ ಸಾಲಿನಲ್ಲಿ ಮೈ ತಾಗಿಸಿ ನಡೆಯಬಾರದು, ಫೋಟೋಗಾಗಿ ರೆಂಬೆ ಬಗ್ಗಿಸಬಾರದು. ಉದುರಿದ ಒಂದೊಂದು ಹೂವೂ ಮುಂದಿನ ವರ್ಷದ ಒಂದೊಂದು ಕಾಳು.

ಇದೇ ತಿಂಗಳುಗಳಲ್ಲಿ ಕಾವೇರಿ ತಗ್ಗಿರುತ್ತಾಳೆ. ದುಬಾರೆಯ ಆನೆ ಶಿಬಿರಕ್ಕೆ ಹೊಳೆ ದಾಟಿ ಹೋಗುವುದು, ಕುಶಾಲನಗರದ ಬಳಿಯ ನಿಸರ್ಗಧಾಮದ ಬಿದಿರು ಮೆಳೆಗಳ ನಡುವೆ ಮಕ್ಕಳೊಂದಿಗೆ ಅಡ್ಡಾಡುವುದು ಈಗ ಸುಲಭ. ಗಾಳ ಹಾಕುವ ಹವ್ಯಾಸಿಗಳು ವಾಲ್ನೂರಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯ ಪರವಾನಗಿ ಪಡೆದು, ಹಿಡಿದ ಮಹಶೀರ್ ಮೀನನ್ನು ಗಾಯವಾಗದಂತೆ ನೀರಿಗೆ ಬಿಡುವ ನಿಯಮಕ್ಕೆ ಒಪ್ಪಿ ಕೂರಬಹುದು. ಆದರೆ ಈಜಲು ಇಳಿಯುವ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ತಗ್ಗಿದ ಹೊಳೆಯ ಬಂಡೆಗಳ ನಡುವೆ ನೀರು ಕೊರೆದ ಆಳವಾದ ಗುಂಡಿಗಳಿರುತ್ತವೆ ಮತ್ತು ಅವು ಮೇಲಿನಿಂದ ಕಾಣುವುದಿಲ್ಲ. ಚೇಲಾವರ ಜಲಪಾತದ ಕೆಳಗಿನ ಮಡು ನೋಡಲು ಶಾಂತವಾಗಿದೆ, ಆದರೆ ಅಲ್ಲಿ ಈಜಲು ಇಳಿದ ಹಲವರು ಮರಳಿ ಬಂದಿಲ್ಲ. ಊರಿನವರು ಬೇಡ ಎಂದ ಜಾಗದಲ್ಲಿ ಕಾಲೂ ಇಳಿಸಬಾರದು.

ಏಪ್ರಿಲ್, ಮೇ ತಿಂಗಳಲ್ಲಿ ಬಂದವರು ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ತಪ್ಪಿಸಿಕೊಳ್ಳಬಾರದು. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಈ ಪಂದ್ಯಾವಳಿಯಲ್ಲಿ ಒಂದೊಂದು ಮನೆತನವೂ ಒಂದೊಂದು ತಂಡವಾಗಿ ಆಡುತ್ತದೆ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಓಡುವುದನ್ನು ಬೇರೆಲ್ಲಿ ನೋಡಲು ಸಿಗುತ್ತದೆ? ಈ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು ಸಿಡಿಲಿನ ಮಳೆ ಸಾಮಾನ್ಯ, ಹಾಗಾಗಿ ಬಯಲು ಗುಡ್ಡದ ಮೇಲಿನ ನಡಿಗೆ ಏನಿದ್ದರೂ ಬೆಳಗ್ಗೆಯೇ ಮುಗಿಯಬೇಕು.

ಜೂನ್‌ನಿಂದ ಸೆಪ್ಟೆಂಬರ್: ಮಳೆಗಾಲ

ಮಳೆಗಾಲದಲ್ಲಿ ಕೊಡಗಿಗೆ ಬರುವುದು ಒಂದು ದೊಡ್ಡ ಸುಖ. ಆದರೆ ಅದಕ್ಕೆ ಎರಡು ಷರತ್ತುಗಳಿವೆ. ಮೊದಲನೆಯದು ಜಿಲ್ಲಾಡಳಿತದ ಸೂಚನೆಯನ್ನು ಪ್ರತಿದಿನ ನೋಡುವುದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ ಸುತ್ತಲಿನ ಬೆಟ್ಟಗಳು ಕುಸಿದು ಮನೆ, ತೋಟ, ಜೀವಗಳು ಹೋದವು, ಮಡಿಕೇರಿ–ಸಂಪಾಜೆ ಹೆದ್ದಾರಿ ಮುಚ್ಚಿಹೋಯಿತು, ಜಿಲ್ಲೆಗೆ ಪ್ರವಾಸಿಗರು ಬರುವುದನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಕುಟುಂಬವೊಂದು ಮಣ್ಣಿನಡಿ ಸಿಲುಕಿತು. ಇವು ಎಂದೋ ನಡೆದ ಕಥೆಗಳಲ್ಲ. ರೆಡ್ ಅಲರ್ಟ್ ಇರುವ ದಿನ ಘಾಟಿ ರಸ್ತೆಯಲ್ಲಿ ಪ್ರಯಾಣವೇ ಬೇಡ. ರಸ್ತೆಗಾಗಿ ಗುಡ್ಡ ಕಡಿದ ಧರೆಯ ಕೆಳಗೆ ಕಾರು ನಿಲ್ಲಿಸಬಾರದು, ರಸ್ತೆಗೆ ಹೊಸದಾಗಿ ಬಿರುಕು ಬಿದ್ದಿದ್ದರೆ, ಧರೆಯಿಂದ ಕೆಸರುನೀರು ಒಸರಲು ತೊಡಗಿದ್ದರೆ ಅಥವಾ ಮರಗಳು ವಾಲಿದ್ದರೆ ಅಲ್ಲಿಂದ ಕೂಡಲೇ ಹಿಂದಿರುಗಿ 112ಕ್ಕೆ ತಿಳಿಸಬೇಕು.

ಎರಡನೆಯ ಷರತ್ತು, ಎತ್ತರದ ಬೆಟ್ಟಗಳ ಆಸೆಯನ್ನು ಈ ನಾಲ್ಕು ತಿಂಗಳು ಬಿಡುವುದು. ದಾರಿ ತೆರೆದಿದ್ದರೂ ಮಂಜಿನಲ್ಲಿ ಏನೂ ಕಾಣುವುದಿಲ್ಲ, ಏಣಿನ ಮೇಲೆ ಗಾಳಿ ನಿಲ್ಲಗೊಡುವುದಿಲ್ಲ, ಬೆಳಗ್ಗೆ ಮೊಣಕಾಲಷ್ಟಿದ್ದ ತೊರೆ ಮಧ್ಯಾಹ್ನಕ್ಕೆ ಎದೆಮಟ್ಟಕ್ಕೆ ಬರುತ್ತದೆ.

ಇವೆರಡಕ್ಕೆ ಒಪ್ಪಿದವರಿಗೆ ಮೊದಲು ಸಿಗುವುದು ಹೊಳೆ. ದಕ್ಷಿಣ ಕೊಡಗಿನ ಬರಪೊಳೆಯಲ್ಲಿ ರಾಫ್ಟಿಂಗ್ ನಡೆಯುವುದು ಮಳೆಗಾಲದಲ್ಲಿ ಮಾತ್ರ, ಸಾಮಾನ್ಯವಾಗಿ ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ. ಕಾಡಿನ ನಡುವಿನ ಈ ಕಡಿದಾದ ಹೊಳೆಯಲ್ಲಿ ಆರು ದರ್ಜೆಗಳ ಅಳತೆಯಲ್ಲಿ ನಾಲ್ಕನೇ ದರ್ಜೆಯವರೆಗಿನ ರಭಸಗಳಿವೆ, ಆದ್ದರಿಂದ ಇದು ನೀರಿನ ಭಯ ಇಲ್ಲದ, ಆರೋಗ್ಯವಂತ ವಯಸ್ಕರಿಗೆ ಮಾತ್ರ ತಕ್ಕದ್ದು. ಮಕ್ಕಳಿರುವ ಕುಟುಂಬಗಳಿಗೆ, ಮೊದಲ ಸಲ ಪ್ರಯತ್ನಿಸುವವರಿಗೆ ದುಬಾರೆಯ ಕಾವೇರಿಯೇ ಸಾಕು. ಅಲ್ಲಿನ ನೀರು ಅಗಲವಾಗಿ, ಹೆಚ್ಚು ಸೌಮ್ಯವಾಗಿ ಹರಿಯುತ್ತದೆ. ಎಲ್ಲೇ ಆದರೂ ಸಂಸ್ಥೆಗೆ ಪರವಾನಗಿ ಇದೆಯೇ ಎಂದು ಕೇಳಿ. ಲೈಫ್ ಜಾಕೆಟ್‌ನ ಎಲ್ಲ ಬಕಲ್‌ಗಳೂ ಹಾಕಿಕೊಳ್ಳುತ್ತವೆಯೇ, ಹೆಲ್ಮೆಟ್ ತಲೆಗೆ ಬಿಗಿಯಾಗಿ ಕೂರುತ್ತದೆಯೇ ಎಂದು ದಂಡೆಯಲ್ಲೇ ನೋಡಿ. ನೀರಿಗೆ ಬಿದ್ದರೆ ಮಲಗಿದ ಭಂಗಿಯಲ್ಲಿ ಕಾಲು ಮುಂದೆ ಚಾಚಿ ತೇಲಬೇಕು, ಹರಿವಿನ ನಡುವೆ ಎದ್ದು ನಿಲ್ಲಲು ಯತ್ನಿಸಬಾರದು, ಏಕೆಂದರೆ ಬಂಡೆಗಳ ಸಂದಿನಲ್ಲಿ ಪಾದ ಸಿಕ್ಕಿಕೊಂಡರೆ ಹರಿವೇ ಮನುಷ್ಯನನ್ನು ಕೆಳಕ್ಕೆ ಒತ್ತುತ್ತದೆ. ಹೃದಯದ ತೊಂದರೆ, ಮೂರ್ಛೆರೋಗ ಇರುವವರು ಮತ್ತು ಗರ್ಭಿಣಿಯರು ಇದರಿಂದ ದೂರವಿರಬೇಕು. ಕುಡಿದವರನ್ನು ಹತ್ತಿಸಿಕೊಳ್ಳುವ ರಾಫ್ಟ್‌ನಲ್ಲಿ ನೀವು ಹತ್ತಲೇಬೇಡಿ. ನೀರು ಮಿತಿಮೀರಿದ ದಿನ ಆಡಳಿತ ರಾಫ್ಟಿಂಗನ್ನು ನಿಲ್ಲಿಸುತ್ತದೆ, ಅಂಥ ದಿನ ಮುಂಗಡದ ಹಣ ಹಿಂದಿರುಗುವ ಕರಾರನ್ನು ಮೊದಲೇ ಮಾಡಿಕೊಂಡಿರಬೇಕು.

ಜಲಪಾತಗಳ ವಿಷಯದಲ್ಲಿ ಒಂದು ಸಲಹೆ. ಅಬ್ಬಿ, ಇರ್ಪು ಮತ್ತು ಪುಷ್ಪಗಿರಿಯ ಬುಡದಲ್ಲಿ ಕುಮಾರಧಾರೆ ಧುಮುಕುವ ಮಲ್ಲಳ್ಳಿ, ಈ ಮೂರೂ ಜುಲೈನಲ್ಲಿ ತುಂಬಿರುತ್ತವೆ, ಆದರೆ ಅನೇಕ ದಿನ ಮಂಜು ಮತ್ತು ನೀರಿನ ತುಂತುರು ಸೇರಿ ನೋಟವನ್ನೇ ಮುಚ್ಚುತ್ತವೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ನೀರು ಸಾಕಷ್ಟು ಇರುತ್ತದೆ, ಬಿಸಿಲೂ ಇಣುಕುತ್ತದೆ. ಕಟಕಟೆಯ ಈಚೆಯೇ ನಿಲ್ಲಬೇಕೆಂಬ ನಿಯಮ ಎಲ್ಲ ಕಾಲಕ್ಕೂ ಒಂದೇ.

ಜುಲೈ, ಆಗಸ್ಟ್‌ನಲ್ಲಿ ಗದ್ದೆಗಳಲ್ಲಿ ನಾಟಿ ನಡೆಯುತ್ತದೆ ಮತ್ತು ಅದರೊಂದಿಗೆ ಕೆಸರುಗದ್ದೆ ಕ್ರೀಡಾಕೂಟಗಳೂ ಬರುತ್ತವೆ. ಮಡಿಕೇರಿಯ ಹತ್ತಿರದ ಕಗ್ಗೋಡ್ಲಿನಲ್ಲಿ ನಡೆಯುವ ಕೂಟ ಹೆಸರಾದದ್ದು. ಮೊಣಕಾಲುದ್ದದ ಕೆಸರಿನಲ್ಲಿ ಓಟ, ಹಗ್ಗಜಗ್ಗಾಟ, ವಾಲಿಬಾಲ್ ಆಡುವುದನ್ನು ನೋಡಲು ಹೊರಗಿನವರಿಗೂ ಸ್ವಾಗತವಿದೆ. ಸೆಪ್ಟೆಂಬರ್ ಆರಂಭದಲ್ಲಿ ಬರುವ, ಕೊಡವರು ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಗುಂಡು ಹೊಡೆಯುವ ಸ್ಪರ್ಧೆಗಳು ಊರೂರಲ್ಲಿ ನಡೆಯುತ್ತವೆ.

ಇನ್ನು ಜಿಗಣೆ. ಅದರ ಭಯದಿಂದ ಮಳೆಗಾಲವನ್ನೇ ಬಿಡುವವರಿದ್ದಾರೆ, ಆದರೆ ಜಿಗಣೆ ಕಚ್ಚಿದರೆ ರಕ್ತ ಹೋಗುತ್ತದೆ, ತುರಿಕೆಯಾಗುತ್ತದೆ, ಅದಕ್ಕಿಂತ ಹೆಚ್ಚಿನ ಅಪಾಯ ಸಾಮಾನ್ಯವಾಗಿ ಇಲ್ಲ. ಮೊಣಕಾಲಿನವರೆಗೆ ಬರುವ ಒತ್ತಾದ ನೇಯ್ಗೆಯ ಜಿಗಣೆ ಕಾಲುಚೀಲ ಹಾಕಿ, ಅದರ ಮೇಲೆ ಹೊಗೆಸೊಪ್ಪಿನ ಪುಡಿ ಮತ್ತು ಸುಣ್ಣ ಅಥವಾ ಉಪ್ಪನ್ನು ಸವರಿಕೊಂಡರೆ ಬಹುಪಾಲು ತಡೆಯುತ್ತದೆ. ಕಚ್ಚಿದ್ದನ್ನು ಎಳೆದು ಕೀಳಬೇಡಿ. ಉಗುರಿನಿಂದ ಬಾಯಿಯ ಭಾಗವನ್ನು ಮೆಲ್ಲಗೆ ಸರಿಸಿ ಬಿಡಿಸಿ, ಗಾಯವನ್ನು ತೊಳೆದು, ರಕ್ತ ನಿಲ್ಲುವವರೆಗೆ ಒತ್ತಿ ಹಿಡಿಯಿರಿ. ಜೀನ್ಸ್ ಪ್ಯಾಂಟು ಒದ್ದೆಯಾದರೆ ಭಾರವಾಗಿ ದಿನವಿಡೀ ಒಣಗುವುದಿಲ್ಲ, ಆದ್ದರಿಂದ ತೆಳುವಾದ ಬೇಗ ಒಣಗುವ ಬಟ್ಟೆ, ಕೊಡೆಗಿಂತ ಹೆಚ್ಚಾಗಿ ಗಟ್ಟಿಯಾದ ರೈನ್‌ಕೋಟ್, ಇನ್ನೊಂದು ಜೊತೆ ಕಾಲುಚೀಲ ಇರಲಿ.

ಎಲ್ಲ ಕಾಲಕ್ಕೂ: ಆನೆ, ದೇವರಕಾಡು, ಹೊತ್ತು

ಕೊಡಗಿನಲ್ಲಿ ಆನೆ ಕಾಡಿನಲ್ಲಿ ಮಾತ್ರ ಇರುವುದಿಲ್ಲ. ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆ ಕಡೆಯ ಕಾಫಿ ತೋಟಗಳಲ್ಲೇ ಆನೆಗಳು ನೆಲೆಸಿವೆ. ಹಲಸು ಹಣ್ಣಾಗುವ ಮುಂಗಾರಿನ ಆರಂಭದಲ್ಲಿ, ಭತ್ತ ತೆನೆಗಟ್ಟುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅವುಗಳ ಓಡಾಟ ಹೆಚ್ಚು. ಬೆಳಗ್ಗೆ ತೋಟದ ಕೆಲಸಕ್ಕೆ ನಡೆದು ಹೋಗುವ ಕಾರ್ಮಿಕರೇ ಇದರಲ್ಲಿ ಹೆಚ್ಚು ನೊಂದವರು. ಹಕ್ಕಿ ನೋಡಲು ಮಬ್ಬುಗತ್ತಲಲ್ಲಿ ಒಂಟಿಯಾಗಿ ತೋಟದ ದಾರಿ ಹಿಡಿಯುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಮನುಷ್ಯರು ಸಿಳ್ಳೆ ಹಾಕಿದಂತೆ ಹಾಡುವ ಮಲಬಾರ್ ವಿಸ್ಲಿಂಗ್ ಥ್ರಶ್ ಆಗಲಿ, ಅತ್ತಿಮರಕ್ಕೆ ಬರುವ ಮಂಗಟ್ಟೆ ಹಕ್ಕಿಯಾಗಲಿ ಬಿಸಿಲು ಬಿದ್ದ ಮೇಲೂ ಸಿಗುತ್ತವೆ. ಹೊರಡುವ ಮುನ್ನ ಮನೆಯವರನ್ನೋ ತೋಟದ ಕಾರ್ಮಿಕರು ಇರುವ ಲೈನ್‌ಮನೆಯವರನ್ನೋ ‘ರಾತ್ರಿ ಆನೆ ಬಂದಿತ್ತೇ’ ಎಂದು ಕೇಳಿ. ಹಸಿ ಲದ್ದಿ, ಮುರಿದ ಬೈನೆ ಮರ, ಮುರಿದ ಬೇಲಿ ಕಂಡರೆ ಬಂದ ದಾರಿಯಲ್ಲೇ ಹಿಂದಿರುಗಿ. ಸೆಲ್ಫಿಗಾಗಿ ಆನೆಯ ಕಡೆ ಒಂದು ಹೆಜ್ಜೆಯೂ ಇಡಬೇಡಿ. ಕುಟ್ಟದ ಕಡೆಯಿಂದ ನಾಗರಹೊಳೆಯೊಳಗೆ ಹೋಗುವ ರಸ್ತೆ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, ಮತ್ತು ಅಲ್ಲಿನ ಸಫಾರಿ ಆ ದಿನಗಳಲ್ಲಿ ನಡೆಯುತ್ತಿದೆಯೇ ಎಂಬುದನ್ನು ಇಲಾಖೆಯಲ್ಲಿ ವಿಚಾರಿಸಿಕೊಂಡೇ ಅತ್ತ ಹೊರಡಬೇಕು.

ನಡಿಗೆಯ ನಡುವೆ ತೋಟಗಳ ಮಧ್ಯೆ ದಟ್ಟವಾದ, ಹಳೆಯ ಮರಗಳ ತುಂಡು ಕಾಡು ಎದುರಾದರೆ ಅದು ದೇವರಕಾಡು ಆಗಿರಬಹುದು. ಕೊಡಗಿನಲ್ಲಿ ಇಂಥವು ಸಾವಿರಕ್ಕೂ ಹೆಚ್ಚಿವೆ. ಊರಿನವರು ಅಲ್ಲಿ ಒಂದು ಕಡ್ಡಿಯನ್ನೂ ಮುರಿಯುವುದಿಲ್ಲ. ಕೇಳದೆ ಒಳಹೊಕ್ಕಬೇಡಿ, ಕೇಳಿ ಹೊಕ್ಕರೆ ಪಾದರಕ್ಷೆ ಹೊರಗಿರಲಿ.

ವಿಶ್ರಾಂತಿಯ ದಿನಕ್ಕೆ ಮಡಿಕೇರಿ ಪಟ್ಟಣವೇ ಸಾಲುತ್ತದೆ. ಕೋಟೆ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಾಲಯ, ಅರಸರ ಸಮಾಧಿಗಳಿರುವ ಗದ್ದಿಗೆ, ಸಂಜೆಗೆ ರಾಜಾಸೀಟು ಉದ್ಯಾನ, ಇಷ್ಟನ್ನು ಕಾಲ್ನಡಿಗೆಯಲ್ಲೇ ನೋಡಬಹುದು.

ಉಳಿಯುವ ಜಾಗವನ್ನು ಪಟ್ಟಣದ ಹೆಸರು ನೋಡಿ ಆರಿಸುವ ಬದಲು ಮಾಡಬೇಕೆಂದಿರುವ ಕೆಲಸವನ್ನು ನೋಡಿ ಆರಿಸುವುದು ಉತ್ತಮ. ತಡಿಯಂಡಮೋಳ್‌ಗೆ ಕಕ್ಕಬೆ, ಕುಮಾರ ಪರ್ವತಕ್ಕೆ ಸೋಮವಾರಪೇಟೆಯ ಕಡೆ, ಬ್ರಹ್ಮಗಿರಿ ಮತ್ತು ಬರಪೊಳೆಗೆ ಪೊನ್ನಂಪೇಟೆ ಅಥವಾ ಶ್ರೀಮಂಗಲ, ದುಬಾರೆ ಮತ್ತು ನಿಸರ್ಗಧಾ­ಮಕ್ಕೆ ಕುಶಾಲನಗರ ಹತ್ತಿರ. ಹೀಗೆ ಉಳಿದರೆ ಬೆಳಗಿನ ಹೊತ್ತಿನ ಎರಡು ತಾಸು ಘಾಟಿಯ ತಿರುವುಗಳಲ್ಲಿ ಕಳೆದುಹೋಗುವುದಿಲ್ಲ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾದ ಹೋಂಸ್ಟೇಯನ್ನೇ ಆರಿಸಿ, ಬರುವ ಹಿಂದಿನ ದಿನ ಅವರಿಗೆ ಫೋನು ಮಾಡಿ ಮೂರು ವಿಷಯಗಳನ್ನು ಕೇಳಿಕೊಳ್ಳಿ: ನಿನ್ನೆ ಎಷ್ಟು ಇಂಚು ಮಳೆ ಬಿತ್ತು, ರಸ್ತೆ ಎಲ್ಲಿಯಾದರೂ ಕುಸಿದಿದೆಯೇ, ಹತ್ತಿರದಲ್ಲಿ ಆನೆಯ ಸುದ್ದಿ ಇದೆಯೇ. ಚಾರಣಕ್ಕೆ ಹೊರಡುವ ಬೆಳಗ್ಗೆ ಯಾವ ದಾರಿಯಲ್ಲಿ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಅವರಿಗೆ ಹೇಳಿ ಹೋಗಿ, ಏಕೆಂದರೆ ಕಾಡಿನ ಬಹುಪಾಲು ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ ಮತ್ತು ನೀವು ಹೇಳಿದ ಹೊತ್ತಿಗೆ ಬಾರದಿದ್ದರೆ ಮೊದಲು ಹುಡುಕಲು ಹೊರಡುವವರು ಅವರೇ.